ಜನರಲ್ ಮೆಡಿಸಿನ್ ತಗೊಳ್ಳಲಾ ಅಂತ ಕೇಳುವವರಿಗೆ

ದಾವಣಗೆರೆಯಲ್ಲಿ ಎಂಬಿಬಿಎಸ್ ಓದಿ ಇಂಟರ್ನ್‌ಶಿಪ್ ಮಾಡುವ ಹುಡುಗ ಹುಡುಗಿಯರು ಪ್ರತಿ ಬ್ಯಾಚಿನಲ್ಲೂ ನನ್ನನ್ನು ಕೇಳುವ ಪ್ರಶ್ನೆ ಇದು. ‘ಮೇಡಂ, ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಬೇಕು ಅಂತ ಆಸೆ ಇದೆ. ಹೇಗೆ ತಯಾರಾಗಬೇಕು? ಸೀಟು ಎಲ್ಲಿ ತಗೊಂಡ್ರೆ ಒಳ್ಳೇದು?’ ಎಂಡಿ ಅಂದರೆ ಎಂಬಿಬಿಎಸ್ ಆದ ಮೇಲಿನ ತಜ್ಞ ಪದವಿ, ಜನರಲ್ ಮೆಡಿಸಿನ್ ಅಂದರೆ ದೊಡ್ಡವರ ಕಾಯಿಲೆಗಳನ್ನು ಆಪರೇಷನ್ ಇಲ್ಲದೆ ನೋಡುವ ವಿಭಾಗ. ರೌಂಡ್ಸ್ ಮುಗಿಸಿ ಮೆಟ್ಟಿಲು ಇಳಿಯುವಾಗ ಕೇಳುತ್ತಾರೆ. ಅಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಉತ್ತರ: ಇಂಟರ್ನ್‌ಶಿಪ್‌ನ ಮೆಡಿಸಿನ್ ವಾರ್ಡಿನ ಪೋಸ್ಟಿಂಗನ್ನು ಲೈಬ್ರರಿಯಲ್ಲಿ ಕಳೆಯಬೇಡಿ. ಆರು ವಾರ ಸಿಗುತ್ತದೆ ಅಷ್ಟೇ. ಮೆಡಿಸಿನ್ ನಿಮಗೆ ಬೇಕಾ ಬೇಡವಾ ಅಂತ ಗೊತ್ತಾಗುವುದೂ ಅಲ್ಲೇ, ಮುಂದೆ ಸೀಟು ಆರಿಸುವ ಕಣ್ಣು ಬರುವುದೂ ಅಲ್ಲೇ.

ಯಾಕೆ ಎಲ್ಲರೂ ಹಾಜರಿಗೆ ಸಹಿ ಹಾಕಿ ಓದಲು ಓಡುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಎಂಡಿ ಸೀಟಿಗೆ ಬರೆಯುವ ನೀಟ್-ಪಿಜಿ ಪರೀಕ್ಷೆ ಅಂದರೆ ಮೂರೂವರೆ ಗಂಟೆಯಲ್ಲಿ 200 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಡಿತ. 2024ರಿಂದ ಪೇಪರನ್ನು ಐದು ಭಾಗ ಮಾಡಿದ್ದಾರೆ. 40 ಪ್ರಶ್ನೆಗೆ 42 ನಿಮಿಷ, ಸಮಯ ಮುಗಿದ ಮೇಲೆ ಹಿಂದಿನ ಭಾಗಕ್ಕೆ ಹೋಗುವ ಹಾಗಿಲ್ಲ. ಇಷ್ಟೆಲ್ಲ ತಲೆ ಮೇಲೆ ಇರುವಾಗ ವಾರ್ಡಿನಲ್ಲಿ ನಿಂತ ಹೊತ್ತು ದಂಡ ಅನ್ನಿಸುವುದು ಸಹಜ. ಆದರೆ ಆ ಹೊತ್ತು ದಂಡ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಕಡೆ ಮಳೆಗಾಲದಲ್ಲಿ ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ಗದ್ದೆಗೆ ನೀರು ಕಟ್ಟಲು ಹೋದವರು, ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು. ಕೊಳಕುಮಂಡಲ ಕಚ್ಚಿದೆ ಅಂತ ಅನುಮಾನ ಬಂದರೆ ಇಂಟರ್ನ್ ಮಾಡುವ ಮೊದಲ ಕೆಲಸ ತೀರಾ ಸಣ್ಣದು. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ. ವಿಷ ಇಳಿಸುವ ಔಷಧಿ ಆ್ಯಂಟಿವೆನಮ್ ಶುರು ಮಾಡಬೇಕು. ಅದು ಮೈಗೆ ಒಗ್ಗದೆ ಬಿಪಿ ಕುಸಿಯಬಹುದು ಅಂತ ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಆರು ಗಂಟೆ ಕಳೆದ ಮೇಲೆ ಮತ್ತೆ ಅದೇ ಟ್ಯೂಬು, ಅದೇ 20 ನಿಮಿಷ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಈ ಹಾವಿನ ವಿಷ ಕಿಡ್ನಿಗೆ ಹೊಡೆಯುತ್ತದೆ. ಹಾಗಾಗಿ ಎಷ್ಟು ಮೂತ್ರ ಬಂತು ಅಂತ ಗಂಟೆಗೊಮ್ಮೆ ಬ್ಯಾಗ್ ನೋಡಿ ಬರೆಯಬೇಕು. ಮೊದಲ ದಿನ ರಾತ್ರಿ ಎದ್ದು ಕೂತು ಕಾಫಿ ಕೇಳಿದ ರೋಗಿಗೆ ಮೂರನೇ ದಿನ ಮುಖ ಊದಿಕೊಂಡು, ಕಿಡ್ನಿ ಕೆಟ್ಟರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿ, ಡಯಾಲಿಸಿಸ್ ಬೇಕಾಗಬಹುದು. ‘ನಿನ್ನೆ ಚೆನ್ನಾಗೇ ಇದ್ರಲ್ಲ ಡಾಕ್ಟ್ರೇ’ ಅಂತ ಹೆಂಡತಿ ಕೇಳುತ್ತಾರೆ. ಅವರಿಗೆ ಅರ್ಥವಾಗುವ ಹಾಗೆ ವಿವರಿಸಬೇಕಾದವರು ನೀವು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತದ ಕೇಸುಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ ಅಂದಿದೆ. ಆ ವರದಿ ಬರೆಯುವ ಕೆಲಸವೂ ಇದೇ ವಾರ್ಡಿನಿಂದ ಶುರು.

ಈ ಮೂರು ದಿನ ನಿಮಗೆ ಹೇಗನ್ನಿಸಿತು? ನಾಲ್ಕನೇ ದಿನ ಪೋಸ್ಟಿಂಗ್ ಬದಲಾದರೂ ಆ ಬೆಡ್ಡಿನ ಹತ್ತಿರ ಹೋಗಿ ಕೇಸ್ ಶೀಟ್ ತಿರುವಿ ನೋಡಬೇಕು ಅನ್ನಿಸಿದರೆ ಮೆಡಿಸಿನ್ ನಿಮ್ಮದು. ಯಾವಾಗ ಮುಗಿಯುತ್ತೋ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ, ಬೇರೆ ಒಳ್ಳೆಯ ದಾರಿಗಳಿವೆ. ಪರೀಕ್ಷೆಗೂ ಇದರಿಂದ ಲಾಭ ಇದೆ. ಪ್ರಶ್ನೆಗಳು ಈಗ ಜಾಸ್ತಿ ರೋಗಿಯ ಕಥೆಯ ರೂಪದಲ್ಲೇ ಬರುತ್ತವೆ. ಕಣ್ಣಾರೆ ನೋಡಿದ ಕೇಸು ಮರೆಯುವುದಿಲ್ಲ ಅಲ್ವಾ?

ಇನ್ನು ಸೀಟಿನ ಮಾತು. ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಅದರ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆ, ಕೇಂದ್ರದ ಸಮಿತಿ ಎಂಸಿಸಿ ನಡೆಸುತ್ತದೆ. ರಾಜ್ಯದ ಪಾಲಿನದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನೋಡಿಕೊಳ್ಳುತ್ತದೆ. ಎರಡಕ್ಕೂ ಹಾಕಿ. ಎಂಡಿಗೆ ಸಮಾನವಾದ ಡಿಎನ್‌ಬಿ ಸೀಟುಗಳನ್ನೂ ಪಟ್ಟಿಯಿಂದ ಬಿಡಬೇಡಿ.

ಯಾವ ಕಾಲೇಜು ಬೇಕು ಅಂತ ಆಪ್ಷನ್ ತುಂಬುವಾಗ ಎಲ್ಲರೂ ಹಳೆಯ ಕಟಾಫ್ ನೋಡುತ್ತಾರೆ, ಬೆಂಗಳೂರು ಮೊದಲು ಬರೆಯುತ್ತಾರೆ. ನಾನು ಹೇಳುವುದು, ಆ ಕಾಲೇಜಿನ ಮೊದಲ ವರ್ಷದ ಪಿಜಿ ವಿದ್ಯಾರ್ಥಿ ಒಬ್ಬರಿಗೆ ಫೋನ್ ಮಾಡಿ. ಹೊಸ ರೋಗಿಗಳನ್ನು ವಾರ್ಡಿಗೆ ಸೇರಿಸಿಕೊಳ್ಳುವ ಅಡ್ಮಿಶನ್ ದಿನ ಎಷ್ಟು ಕೇಸು ಬರುತ್ತವೆ ಅಂತ ಕೇಳಿ. ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ರೋಗಿಯ ಸ್ಥಿತಿ ಕೆಟ್ಟರೆ ಸೀನಿಯರ್ ಬಂದು ನಿಲ್ಲುತ್ತಾರಾ, ಇಲ್ಲ ಫೋನಿನಲ್ಲೇ ಹೇಳುತ್ತಾರಾ? ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಅನ್ನುವ ನಳಿಕೆ ಹಾಕಲು ನಿಮಗೆ ಬಿಡುತ್ತಾರಾ? ಬೆಡ್‌ಸೈಡ್ ಕ್ಲಾಸ್ ನಿಜವಾಗಿ ನಡೆಯುತ್ತದಾ? ಸ್ಟೈಪೆಂಡ್ ತಿಂಗಳು ತಿಂಗಳು ಬರುತ್ತದಾ? ಸುಮ್ನೆ ‘ಕಾಲೇಜ್ ಹೇಗಿದೆ’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ. ಹೀಗೆ ಬಿಡಿಸಿ ಕೇಳಿದರೆ ನಿಜ ಹೊರಗೆ ಬರುತ್ತದೆ.

ಜಿಲ್ಲಾ ಊರುಗಳ ಬಗ್ಗೆ ಕೀಳಾಗಿ ಯೋಚಿಸಬೇಡಿ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಾದ ನಮ್ಮ ಚಿಗಟೇರಿ ಆಸ್ಪತ್ರೆಯ ಓಪಿಡಿ ಮುಂದೆ ಬೆಳಿಗ್ಗೆ ಹೋಗಿ ನಿಂತು ನೋಡಿ. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಬಸ್ಸಿಳಿದು ಬಂದವರು ಇರುತ್ತಾರೆ. ಬೇರೆ ಎಲ್ಲೂ ತೋರಿಸದೆ ನೇರ ಬಂದ ರೋಗಿಯನ್ನು ಮೊದಲು ಮುಟ್ಟುವವರು ನೀವಾಗುತ್ತೀರಿ. ದೊಡ್ಡ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಎಷ್ಟೋ ಸಲ ರೋಗ ಯಾವುದು ಅಂತ ಗೊತ್ತಾದ ಮೇಲೆಯೇ ರೋಗಿ ಬರುತ್ತಾರೆ. ರೋಗ ಯಾವುದು ಅಂತ ಹುಡುಕುವ ಕೆಲಸವೇ ಮೆಡಿಸಿನ್. ಅದನ್ನು ಕಲಿಯಲು ತುಂಬಿದ ವಾರ್ಡು ಬೇಕು.

‘ಮೆಡಿಸಿನ್ ಮಾಡಿ ಡಿಎಂ ಕಾರ್ಡಿಯಾಲಜಿ ಮಾಡ್ತೀನಿ’ ಅನ್ನುವವರು ತುಂಬಾ ಜನ. ಒಳ್ಳೆಯದೇ. ಆದರೆ ಎಂಡಿ ಆದ ಮೇಲಿನ ಸೂಪರ್ ಸ್ಪೆಷಾಲಿಟಿ ಪದವಿಯಾದ ಡಿಎಂಗೆ ನೀಟ್-ಎಸ್‌ಎಸ್ ಅಂತ ಇನ್ನೊಂದು ಪರೀಕ್ಷೆ ಇದೆ, ಅದಕ್ಕೂ ಮೊದಲು ಮೂರು ವರ್ಷದ ಎಂಡಿ. ಸಕ್ಕರೆ ಕಾಯಿಲೆ, ಜ್ವರ, ಪಾರ್ಶ್ವವಾಯು, ದಮ್ಮು ನೋಡಲು ಇಷ್ಟವೇ ಇಲ್ಲದಿದ್ದರೆ ಆ ಮೂರು ವರ್ಷ ನಿಮಗೂ ಕಷ್ಟ, ರೋಗಿಗೂ ಕಷ್ಟ. ಮನೆಯವರು ‘ರೇಡಿಯಾಲಜಿ ಸಿಗೋವಾಗ ಇದ್ಯಾಕೆ’ ಅನ್ನಬಹುದು. ನಿಮಗೆ ಮನಸ್ಸಿದ್ದರೆ ಅಪ್ಪ ಅಮ್ಮನ ಹತ್ತಿರ ಕೂತು ಹೇಳಿ. ಆಪ್ಷನ್ ಲಾಕ್ ಮಾಡುವ ಹಿಂದಿನ ರಾತ್ರಿ ಅಲ್ಲ, ಮುಂಚೆಯೇ.

ಅಮೆರಿಕಕ್ಕೆ ಹೋಗುತ್ತೇವೆ ಅನ್ನುವವರಿಗೂ ಇದೇ ವಾರ್ಡು ಬೇಕಾಗುತ್ತದೆ. ಅಲ್ಲಿ ಡಾಕ್ಟರ್ ಲೈಸೆನ್ಸಿಗೆ ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಸ್ಟೆಪ್ 1ಕ್ಕೆ 2022ರಿಂದ ಅಂಕ ಇಲ್ಲ, ಪಾಸು ಅಥವಾ ಫೇಲು ಅಷ್ಟೇ. ಹಾಗಾಗಿ ಮುಂದಿನ ಹಂತವಾದ ಸ್ಟೆಪ್ 2 ಸಿಕೆ ಅಂಕಕ್ಕೆ ತೂಕ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಅರ್ಜಿ, ಚಳಿಗಾಲದಲ್ಲಿ ಸಂದರ್ಶನ, ಯಾರಿಗೆ ಯಾವ ಆಸ್ಪತ್ರೆಯಲ್ಲಿ ತರಬೇತಿ ಅಂತ ಹೇಳುವ ಮ್ಯಾಚ್ ಫಲಿತಾಂಶ ಮಾರ್ಚ್‌ನಲ್ಲಿ. ಅಂಕದ ಜೊತೆ ಶಿಫಾರಸು ಪತ್ರಗಳನ್ನೂ ಓದುತ್ತಾರೆ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಕಲಿತು, ಅಲ್ಲಿನವರಿಂದ ಬರೆಸಿದ ಪತ್ರಕ್ಕೆ ಬೆಲೆ ಹೆಚ್ಚು. ಇಲ್ಲಿಂದ ನನ್ನ ಪತ್ರವೂ ಬೇಕಾದರೆ, ನೀವು ಯಾವ ರೋಗಿಯನ್ನು ಹೇಗೆ ನೋಡಿಕೊಂಡಿರಿ ಅಂತ ನನಗೆ ಗೊತ್ತಿರಬೇಕು. ‘ಶ್ರಮಜೀವಿ, ಒಳ್ಳೆಯ ನಡತೆ’ ಅಂತ ಬರೆದ ಪತ್ರದಿಂದ ಯಾರಿಗೂ ಉಪಯೋಗ ಇಲ್ಲ. ಮುಖ ಪರಿಚಯ ಇಲ್ಲದವರಿಗೆ ನಾನು ಬರೆದುಕೊಡುವುದಿಲ್ಲ.

ಈ ಸಲ ರ್‍ಯಾಂಕ್ ಬರಲಿಲ್ಲ ಅಂತಿಟ್ಟುಕೊಳ್ಳಿ. ಇಡೀ ವರ್ಷ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಓದಬೇಡಿ. ಒಬ್ಬರೇ ಕೂತು ಕುಗ್ಗಿಹೋದ ಮಕ್ಕಳನ್ನು ನೋಡಿದ್ದೇನೆ. ಫಿಜಿಷಿಯನ್ ದಿನಾ ರೌಂಡ್ಸ್ ಮಾಡುವ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಿ, ಹಗಲು ಪಾಳಿ ಕೇಳಿ ತಗೊಳ್ಳಿ, ಸಂಜೆ ಓದಿ. ಪರೀಕ್ಷೆಗೆ ಮೂರು ತಿಂಗಳು ಇರುವಾಗ ಕೆಲಸ ಬಿಟ್ಟರೆ ಸಾಕು, ಸೇರುವಾಗಲೇ ಅವರಿಗೆ ಅದನ್ನು ಹೇಳಿಬಿಡಿ.