‘ಸೆಟ್’ ಪದದ ಕಾರ್ಡು: ಇಲ್ಲಿವರೆಗೂ ಆಗಿರೋ ಕೆಲಸ

ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿರೋ ನಮ್ಮ ಏರಿಯಾ ಮಕ್ಕಳಿಗೆ ಅಂತ ಸಂಜೆ ಹೊತ್ತು ಇಂಗ್ಲಿಷ್ ಪದ ಕಲಿಯೋ ಕಾರ್ಡುಗಳನ್ನ ಮಾಡ್ತಿದೀನಿ, ಅದರಲ್ಲಿ ‘ಸೆಟ್’ ಪದದ ಕಟ್ಟು ಈಗ ಒಂದು ರೂಪಕ್ಕೆ ಬಂದಿದೆ. ಈ ಪದಾನೇ ಯಾಕೆ ಅಂದ್ರೆ, ಫಸ್ಟ್ ಪಿಯುಸಿ ಮ್ಯಾಥ್ಸ್ ಪುಸ್ತಕ ತೆಗೆದ ತಕ್ಷಣ ಮೊದಲನೇ ಪಾಠಾನೇ ಸೆಟ್ಸ್. ಕನ್ನಡದಲ್ಲಿ ಅದಕ್ಕೆ ಗಣ ಅಂತಾರೆ. ಸರಿ ಸೆಟ್ ಅಂದ್ರೆ ಗಣ ಅಂತ ಬರ್ಕೊಂಡು ಆ ಕಡೆ ಲ್ಯಾಬಿಗೆ ಹೋದ್ರೆ ‘ಸೆಟ್ ಅಪ್ ದಿ ಅಪರೇಟಸ್’ ಅಂತಾರೆ, ಸಂಜೆ ಸ್ಪೋರ್ಟ್ಸ್‌ಗೆ ಹೋದ್ರೆ ‘ಆನ್ ಯುವರ್ ಮಾರ್ಕ್ಸ್, ಸೆಟ್’ ಅಂತ ಕೂಗ್ತಾರೆ, ಮನೆಗೆ ಬಂದು ಪೇಪರ್ ನೋಡಿದ್ರೆ ಹೈಕೋರ್ಟ್ ಯಾವುದೋ ಆದೇಶನ ‘ಸೆಟ್ ಅಸೈಡ್’ ಮಾಡಿದೆ. ‘ಅಕ್ಕಾ, ಇದ್ರಲ್ಲೆಲ್ಲ ಗಣ ಎಲ್ಲಿದೆ’ ಅಂತ ಒಬ್ಬಳು ಕೇಳಿದ್ಲು, ಕೇಳೋದು ನ್ಯಾಯಾನೇ.

ಮೊದಲು ಇದ್ದ ಪ್ಲಾನು ಒಂದು ಅರ್ಥಕ್ಕೆ ಒಂದು ಕಾರ್ಡು ಅಂತ. ಅದನ್ನ ಕೈಬಿಟ್ಟೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ ಇದೆಯಲ್ಲ, 20 ಸಂಪುಟದ್ದು, ಅದರಲ್ಲಿ ಅತಿ ಉದ್ದದ ನಮೂದು ಈ ಸೆಟ್ ಪದದ್ದೇ, ಸುಮಾರು 60,000 ಪದಗಳಷ್ಟು ವಿವರಣೆ, 430 ಅರ್ಥ. ಆಮೇಲೆ ಪರಿಷ್ಕರಣೆ ಆಗ್ತಾ ಆಗ್ತಾ ‘ರನ್’ ಅನ್ನೋ ಪದ ಇದನ್ನ ಹಿಂದೆ ಹಾಕ್ತು, ಅದು ಬೇರೆ ವಿಷ್ಯ. 430 ಕಾರ್ಡನ್ನ ಯಾವ ಮಗು ಬಾಯಿಪಾಠ ಮಾಡತ್ತೆ ಹೇಳಿ, ಮಾಡಬಾರದು ಕೂಡ.

ಈಗ ಇಡೀ ಕಟ್ಟು ನಿಂತಿರೋದು ಒಂದೇ ಕನ್ನಡ ಪದದ ಮೇಲೆ, ಕೂರಿಸು. ಇದು ನಾನು ಅಂದಾಜಲ್ಲಿ ಹೊಂದಿಸಿದ್ದಲ್ಲ, ಹಳೇ ಇಂಗ್ಲಿಷಲ್ಲಿ ಸಿಟ್ಟನ್ ಅಂದ್ರೆ ಕೂರು, ಸೆಟ್ಟನ್ ಅಂದ್ರೆ ಕೂರಿಸು, ನಾವು ‘ಇಸು’ ಸೇರಿಸಿ ಮಾಡೋ ಕೆಲಸಾನ ಅವರು ಒಳಗಿನ ಸ್ವರ ಬದಲಾಯಿಸಿ ಮಾಡ್ತಿದ್ರು ಅಷ್ಟೆ. ಇನ್ನೂ ಕೆಲವು ಜೋಡಿ ಹಾಗೇ ಉಳ್ಕೊಂಡಿವೆ, ಫಾಲ್ ಅಂದ್ರೆ ಬೀಳು, ಫೆಲ್ ಅಂದ್ರೆ ಮರ ಬೀಳಿಸು, ಲೈ ಅಂದ್ರೆ ಮಲಗು, ಲೇ ಅಂದ್ರೆ ಮಲಗಿಸು. ಇದನ್ನ ಬೋರ್ಡ್ ಮೇಲೆ ಬರೆದು ತೋರಿಸಿದ ಮೇಲೆ ಮಕ್ಕಳೇ ಮುಂದಕ್ಕೆ ಹೋದ್ರು. ಉಂಗುರಕ್ಕೆ ಹರಳು ಕೂರಿಸೋದು, ಇಂಗ್ಲಿಷಲ್ಲೂ ಸೆಟ್ಟೇ. ಮುರಿದ ಮೂಳೆ ಕೂರಿಸೋದು, ಅದೂ ಸೆಟ್ಟೇ. ಅಲಾರಾಂನ ಇಂತಾ ಟೈಮಿಗೆ ಅಂತ ಕೂರಿಸೋದು, ಬೆಲೆನ ಇಷ್ಟಕ್ಕೆ ಅಂತ ಕೂರಿಸೋದು, ಕ್ಯಾಪ್ಟನ್ ಫೀಲ್ಡರ್‌ಗಳನ್ನ ಅವರವರ ಜಾಗದಲ್ಲಿ ನಿಲ್ಲಿಸೋದು. ಒಬ್ಬ ಹುಡುಗ ‘ಗಣಪತಿ ಕೂರಿಸೋದಕ್ಕೂ ಸೆಟ್ ಅನ್ನಬಹುದಾ’ ಅಂದ, ಬರೀ ಸೆಟ್ ಅಂದ್ರೆ ಸಾಲಲ್ಲ, ದೇವರಿಗೆ ‘ಇನ್‌ಸ್ಟಾಲ್’ ಅಂತಾರೆ ಅಂತ ಹೇಳಿದೆ, ಆದ್ರೆ ಅವನು ಹಿಡಿದ ದಾರಿ ಸರಿಯಾಗೇ ಇತ್ತು.

ಇದು ಸೆಟ್ಟಿನ ಮೊದಲನೇ ಕೊಂಬೆ, ನಾವಾಗಿ ಕೂರಿಸೋದು. ಎರಡನೇ ಕೊಂಬೆ ತಾನಾಗೇ ಕೂರೋದು. ಅಲ್ಲಾಡ್ತಿದ್ದಿದ್ದು ಅಲ್ಲಾಡೋದು ನಿಲ್ಲಿಸಿ ಗಟ್ಟಿಯಾಗೋದು. ಮೊಸರು ಹೆಪ್ಪುಗಟ್ಟೋದು, ಜೆಲ್ಲಿ ಗಟ್ಟಿಯಾಗೋದು, ಸಿಮೆಂಟ್ ಸೆಟ್ ಆಗೋದು ಎಲ್ಲ ಇಲ್ಲೇ ಬರತ್ತೆ. ಸಿಮೆಂಟ್ ವಿಷ್ಯಕ್ಕೆ ಡಿಪ್ಲೊಮಾ ಸಿವಿಲ್ ಓದ್ತಿರೋ ಒಬ್ಬ ಹುಡುಗ ಸಹಾಯ ಮಾಡಿದ, ನಮ್ಮ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) ಮಾನದಂಡದ ಪ್ರಕಾರ ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇನಿಷಿಯಲ್ ಸೆಟ್ಟಿಂಗ್ ಟೈಮ್, ಅಂದ್ರೆ ಗಟ್ಟಿಯಾಗೋಕೆ ಶುರುವಾಗೋ ಹೊತ್ತು, 30 ನಿಮಿಷಕ್ಕಿಂತ ಕಮ್ಮಿ ಇರಬಾರದು, ಫೈನಲ್ಲು, ಅಂದ್ರೆ ಪೂರ್ತಿ ಸೆಟ್ ಆಗೋ ಹೊತ್ತು, 600 ನಿಮಿಷ ದಾಟಬಾರದು. ಇದು ಕಾರ್ಡಿಗೆ ಹೋಯ್ತು, ಯಾಕಂದ್ರೆ ಮೇಸ್ತ್ರಿಗಳು ‘ಸೆಟ್ ಆಗ್ಲಿ ಬಿಡಿ’ ಅನ್ನೋದು ಎಲ್ಲ ಮಕ್ಕಳೂ ಕೇಳಿರ್ತಾರೆ. ಓಟದ ‘ಸೆಟ್’ ಕೂಡ ಇಲ್ಲೇ ಇಟ್ಟಿದೀನಿ, ಮೈ ಅಲ್ಲಾಡದ ಹಾಗೆ ಹಿಡಿದು ಕಾಯೋ ಸ್ಥಿತಿ ಅದು, 400 ಮೀಟರ್‌ವರೆಗಿನ ಓಟಗಳಿಗೆ ಮಾತ್ರ ಆ ಮಾತು ಹೇಳೋದು, ಅದಕ್ಕಿಂತ ಉದ್ದದ್ದಕ್ಕೆ ಆನ್ ಯುವರ್ ಮಾರ್ಕ್ಸ್ ಆದ ಮೇಲೆ ನೇರ ಗನ್ನೇ. ಸೂರ್ಯನೂ ಇಂಗ್ಲಿಷಲ್ಲಿ ಕೂರೋದೇ, ನಮ್ಮಲ್ಲಿ ಮುಳುಗ್ತಾನೆ.

ಇಷ್ಟಾದ್ರೂ ಗಣ ಅನ್ನೋ ಅರ್ಥ ಈ ಕೊಂಬೆಗಳಲ್ಲಿ ಎಲ್ಲೂ ಕೂರ್ತಿರಲಿಲ್ಲ, ಕೂರೋದೂ ಇಲ್ಲ, ಯಾಕಂದ್ರೆ ಅದು ಬಂದಿರೋ ದಾರೀನೇ ಬೇರೆ. ಲ್ಯಾಟಿನ್ನಿನ ಸೆಕ್ಟ, ಅಂದ್ರೆ ಹಿಂಬಾಲಿಸೋರ ಗುಂಪು, ಅಲ್ಲಿಂದ ಹಳೇ ಫ್ರೆಂಚ್ ಮೂಲಕ ಬಂದಿದ್ದು, ಪಂಥ ಅನ್ನೋ ಅರ್ಥದ ‘ಸೆಕ್ಟ್’ ಇದರ ದಾಯಾದಿ. ಆಮೇಲೆ ಕೂರಿಸೋ ಸೆಟ್ಟಿನ ಜೊತೆ ಬೆರೆತುಹೋಯ್ತು. ಅದಕ್ಕೇ ಇವಕ್ಕೆ ಬೇರೆ ಬಣ್ಣದ ಕಾರ್ಡು: ಗಣ, ಟೀ ಸೆಟ್, ಮೂರು ಮೆತ್ತನೆ ದೋಸೆ ಸಾಗು ಜೊತೆ ಬರೋ ನಮ್ಮ ಸೆಟ್ ದೋಸೆ. ಸಿನಿಮಾದವರು ಹಾಕೋ ಸೆಟ್ ಮಾತ್ರ ಕೂರಿಸೋ ಕಡೆಯದು, ನಾವೂ ಅದಕ್ಕೆ ‘ಹಾಕು’ ಅಂತೀವಿ.

ಇನ್ನೂ ಒದ್ದಾಡ್ತಿರೋದು ಜೋಡಿ ಪದಗಳ ಹತ್ರ. ಸೆಟ್ ಅಸೈಡ್ ಅಂದ್ರೆ ದುಡ್ಡಿನ ವಿಷ್ಯದಲ್ಲಿ ಎತ್ತಿಡೋದು, ಆದ್ರೆ ಕೋರ್ಟ್ ಸೆಟ್ ಅಸೈಡ್ ಮಾಡಿದ್ರೆ ಆ ಆದೇಶ ರದ್ದು, ಎತ್ತಿಟ್ಟು ಆಮೇಲೆ ನೋಡೋದಲ್ಲ. ಸೆಟ್‌ಬ್ಯಾಕ್ ಅಂದ್ರೆ ಹಿನ್ನಡೆ, ಮನೆ ಕಟ್ಟೋರಿಗೆ ಸುತ್ತ ಬಿಡಬೇಕಾದ ಜಾಗ. ‘ದಿ ರೈನ್ ಸೆಟ್ ಇನ್’ ಅಂದ್ರೆ ಮಳೆ ಹಿಡ್ಕೊಳ್ತು, ಇದಕ್ಕೆ ಕನ್ನಡ ಎಷ್ಟು ಚೆನ್ನಾಗಿ ಒದಗಿ ಬಂತು ನೋಡಿ. ಇಂತವಕ್ಕೆಲ್ಲ ಅರ್ಥ ಬರೆಯೋದು ಬಿಟ್ಟು ಇಡೀ ವಾಕ್ಯಾನೇ ಬರೀತಿದೀನಿ.

ವ್ಯಾಕರಣಕ್ಕೆ ಒಂದೇ ಕಾರ್ಡು ಸಾಕಾಯ್ತು, ಸೆಟ್ ಭೂತಕಾಲದಲ್ಲೂ ಸೆಟ್ಟೇ, ‘ಸೆಟ್ಟೆಡ್’ ಇಲ್ಲ, ‘ಹೀ ಸೆಟ್ಸ್’ ಅಂದ್ರೆ ದಿನಾ ಮಾಡೋದು, ‘ಹೀ ಸೆಟ್’ ಅಂದ್ರೆ ಮಾಡಿ ಆಗಿರೋದು.

ಕನ್ನಡದಲ್ಲಿ ನಾವೇ ಬೆಳೆಸಿಕೊಂಡಿರೋ ಸೆಟ್ಟಿಗೆ ಮಾತ್ರ ಕೆಂಪು ಗುರುತು ಹಾಕಿದೀನಿ. ‘ಈ ಶರ್ಟ್ ನಿಂಗೆ ಸೆಟ್ ಆಗತ್ತೆ’, ‘ಅವರಿಬ್ರಿಗೂ ಸೆಟ್ ಆಗಲ್ಲ’, ಕನ್ನಡದಲ್ಲಿ ಇವು ಸರಿಯಾದ ಮಾತುಗಳೇ, ತಪ್ಪು ಅಂತ ಮಕ್ಕಳ ಹತ್ರ ಹೇಳೋಕೆ ನಂಗೆ ಇಷ್ಟ ಇಲ್ಲ, ಆದ್ರೆ ಇಂಗ್ಲಿಷಲ್ಲಿ ಬರೆಯೋವಾಗ ಮೊದಲನೇದಕ್ಕೆ ಸೂಟ್, ಎರಡನೇದಕ್ಕೆ ಗೆಟ್ ಅಲಾಂಗ್ ಬೇಕು.

ಮುಂದಿನದು ಪ್ರಿಂಟ್. ಹುಬ್ಬಳ್ಳಿ ಕಡೆಯಿಂದ ಬಂದಿರೋ ಹುಡುಗಿ ಕೂರಿಸು ಅನ್ನಲ್ಲ, ಕುಂದ್ರಸು ಅಂತಾಳೆ, ಅವಳಿಗೆ ಅದೇ ಬೇಗ ಹತ್ತತ್ತೆ. ಹಾಗಾಗಿ ಕನ್ನಡ ಪದ ಇರೋ ಜಾಗನ ಖಾಲಿ ಬಿಟ್ಟು ಪ್ರಿಂಟ್ ಹಾಕಿಸ್ತೀನಿ, ಅವರವರ ಮನೆ ಮಾತಲ್ಲಿ ಅವರೇ ತುಂಬಿಕೊಳ್ಳಲಿ. ಈ ಕಟ್ಟು ಅವರ ಕೈ ಸೇರಿದ ಮೇಲೆ ‘ಟೇಕ್’ ಶುರು ಮಾಡ್ತೀನಿ.