ಶಹಾಬಾದ್ ಫರಸಿ ಮೇಲೆ ಪಿರುಯೆಟ್: ಹನ್ನೆರಡನೇ ವಾರ

ಮೊನ್ನೆ ಭಾನುವಾರ ಬೆಳಗ್ಗೆ ಪಿರುಯೆಟ್, ಅಂದರೆ ಬ್ಯಾಲೆಯಲ್ಲಿ ಒಂಟಿ ಕಾಲ ಮೇಲೆ ತಿರುಗುವ ಸುತ್ತು, ಬಲಗಡೆಗೆ ಪೂರ್ತಿ ಒಂದು ಸುತ್ತಿ, ಅಲುಗಾಡದೆ ನಿಂತೆ. ಖುಷಿಗೆ ಕಣ್ಣು ತುಂಬಿ ಬಂತು.

ಧಾರವಾಡದಲ್ಲಿ ಚಿಕ್ಕವಳಿದ್ದಾಗ ನಾಲ್ಕು ವರ್ಷ ಭರತನಾಟ್ಯ ಕಲಿತಿದ್ದೆ. ಆ ಧೈರ್ಯದ ಮೇಲೆ, ವಿಡಿಯೋ ನೋಡಿ ಬ್ಯಾಲೆ ಕಲಿಯೋಣ ಅಂತ ಹೊರಟೆ. ನಮ್ಮಲ್ಲೂ ಒಂದೇ ಕಾಲ ಮೇಲೆ ಸುತ್ತುವ ಏಕಪಾದ ಭ್ರಮರಿ ಇದೆ, ಅಲ್ವಾ? ಅರೆಮಂಡಿ ಕೂತವರಿಗೆ ಪ್ಲಿಯೇ ಕೂಡ ಹೊಸದಲ್ಲ. ಪಾದ ಹೊರಗೆ ತಿರುಗಿಸಿ ಮಂಡಿ ಬಗ್ಗಿಸುವುದು, ಅಷ್ಟೇ. ಕಷ್ಟ ಇರುವುದು ಅದರ ಮುಂದಿನ ಕ್ಷಣದಲ್ಲಿ. ಭರತನಾಟ್ಯದಲ್ಲಿ ಭಾರ ನೆಲಕ್ಕೆ ಇಳಿಯುತ್ತದೆ, ಪಾದ ನೆಲ ತಟ್ಟುತ್ತದೆ. ಪಿರುಯೆಟ್‌ನಲ್ಲಿ ಬಗ್ಗುವುದೇ ಮೇಲೇಳುವುದಕ್ಕೆ. ಎಡ ಹಿಮ್ಮಡಿ ಎತ್ತಿ ಬೆರಳ ಬುಡದ ಮೇಲೆ ನಿಲ್ಲಬೇಕು. ಹಿಂದಿದ್ದ ಬಲಗಾಲಿನ ತುದಿ ಎಡ ಮಂಡಿಗೆ ತಾಗಬೇಕು. ಹಾಗೇ ಬಲಕ್ಕೆ ತಿರುಗಬೇಕು. ನನ್ನ ಮೈಗೆ ಮೇಲೇಳುವ ರೂಢಿಯೇ ಇರಲಿಲ್ಲ.

ಮೊದಲ ನಾಲ್ಕು ವಾರ ಸುಮ್ನೆ ಜೋರಾಗಿ ತಿರುಗಿದೆ. ಅದು ತಪ್ಪು.

ಐದನೇ ವಾರ ಮಂಡಿಗೆ ಪೆಟ್ಟಾಯಿತು. ಪುಣೆಯಲ್ಲಿ ನಾವಿರುವುದು ಸದಾಶಿವ ಪೇಠೆಯ ಹಳೇ ಮನೆ, ನೆಲಕ್ಕೆ ಶಹಾಬಾದ್ ಫರಸಿ. ಕಲಬುರಗಿ ಕಡೆಯ ಕಲ್ಲು. ಊರ ಮನೆಯಲ್ಲೂ ಅದೇ ಇತ್ತು, ಹಾಗಾಗಿ ನನಗೆ ಅದರ ಮೇಲೆ ಪ್ರೀತಿ. ಆದರೆ ಮಳೆಗಾಲದಲ್ಲಿ ಬರಿಗಾಲು ಅದಕ್ಕೆ ಅಂಟಿಕೊಳ್ಳುತ್ತದೆ. ಮೈ ತಿರುಗಿತು, ಪಾದ ತಿರುಗಲಿಲ್ಲ. ನಡುವೆ ಸಿಕ್ಕಿದ್ದು ಮಂಡಿ. ಹತ್ತು ದಿನ ಮೆಟ್ಟಿಲು ಹತ್ತುವಾಗೆಲ್ಲ ನೋವು. ಸಾಕ್ಸ್ ಹಾಕಿದರೆ ಜಾರುತ್ತದೆ, ಅದು ಇನ್ನೊಂದು ಅಪಾಯ. ಕೊನೆಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ 4 ಅಡಿ ಚೌಕದ ಪ್ಲೈವುಡ್ ತಂದು, ಕೆಳಗೆ ರಬ್ಬರ್ ಚಾಪೆ ಹಾಸಿದೆ. ಕಾಲಿಗೆ ಕ್ಯಾನ್ವಾಸ್ ಬ್ಯಾಲೆ ಸ್ಲಿಪ್ಪರ್. ಮನೆಯಲ್ಲಿ ಕಲಿಯುವವರು ವಿಡಿಯೋ ಹುಡುಕುವ ಮೊದಲು ನೆಲ ನೋಡಿಕೊಳ್ಳಿ, ದಯವಿಟ್ಟು.

ಆ ಹತ್ತು ದಿನದಲ್ಲೇ ಅಣ್ಣ ಊರಿಂದ ಫೋನ್ ಮಾಡಿದ. ನಾನು ತಿರುಗಲು ಹೋಗಿ ವಾಲುತ್ತೇನೆ ಅಂದೆ. ಅವನು ಬ್ಯಾಲೆ ನೋಡಿದವನಲ್ಲ, ಆದರೆ ಓಣಿಯಲ್ಲಿ ಬುಗರಿ ಆಡಿ ಬೆಳೆದವನು. "ಮೊಳಿ ಸೊಟ್ಟ ಇದ್ರ ಎಷ್ಟ ಜೋರ್ ಬೀಸಿದ್ರೂ ಬುಗರಿ ನಿಲ್ಲಂಗಿಲ್ಲ ತಂಗಿ. ಮೊದ್ಲ ಮೊಳಿ ನೆಟ್ಟಗ ಮಾಡ್ಕೊ."

ಇಷ್ಟು ವಿಡಿಯೋ ನೋಡಿದರೂ ನನಗೆ ಹೊಳೆಯದೇ ಇದ್ದದ್ದು ಅದೇ. ನಿಂತ ಕಾಲೇ ಮೊಳೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಸಾಲಾಗಿ 32 ಫುಯೆತೇ, ಅಂದರೆ ಒಂದು ಕಾಲನ್ನು ಗಾಳಿಯಲ್ಲಿ ಬೀಸುತ್ತಾ ಇನ್ನೊಂದರ ಮೇಲೆ ತಿರುಗುವ ಸುತ್ತು, ಸುತ್ತಿದರು. ಈಗಲೂ ಅದನ್ನು ಮಾಡುವ ನರ್ತಕಿಯರ ನಿಂತ ಕಾಲನ್ನಷ್ಟೇ ನೋಡಿ. ಪ್ರತಿ ಸುತ್ತಿಗೂ ಹಿಮ್ಮಡಿ ಇಳಿದು, ಮಂಡಿ ಬಗ್ಗಿ, ಮತ್ತೆ ಅದೇ ಜಾಗದಲ್ಲಿ ಏಳುತ್ತದೆ. ನಾನು ಇಷ್ಟು ದಿನ ಗಾಳಿಯಲ್ಲಿರುವ ಕಾಲನ್ನೇ ನೋಡುತ್ತಿದ್ದೆ.

ಏಳನೇ ವಾರದಿಂದ ತಿರುಗುವುದನ್ನೇ ಬಿಟ್ಟೆ. ಒಂದೇ ಕಾಲ ಮೇಲೆ ಏಳುವುದು, ನಿಲ್ಲುವುದು. ಮೊದಲ ದಿನ 3 ಸೆಕೆಂಡ್. ಎರಡು ವಾರದ ಮೇಲೆ 11. ಆಮೇಲೆ ಕಾಲು ಸುತ್ತು, ಅರ್ಧ ಸುತ್ತು. ತೋಳು ಎದೆ ಮುಂದೆ ಹತ್ತಿರ ಬಂದಷ್ಟೂ ಸುತ್ತು ತಾನಾಗೇ ವೇಗ ಪಡೆಯುತ್ತದೆ, ಬೀಸುವ ಅಗತ್ಯವೇ ಇಲ್ಲ.

ತಲೆಯದು ಬೇರೆ ಕತೆ. ಕಿವಿಯೊಳಗಿನ ದ್ರವ ನಾವು ನಿಂತ ಮೇಲೂ ಸ್ವಲ್ಪ ಹೊತ್ತು ಹರಿಯುತ್ತಿರುತ್ತದೆ, ಅದಕ್ಕೇ ತಲೆ ಸುತ್ತುವುದು. ಹಾಗಾಗಿ ಕಣ್ಣಿಗೆ ಒಂದು ಗುರುತು ಬೇಕು. ಮೈ ತಿರುಗುತ್ತಿದ್ದರೂ ಮುಖ ಆದಷ್ಟು ಹೊತ್ತು ಅಲ್ಲೇ ಇರಬೇಕು, ಆಮೇಲೆ ಥಟ್ಟನೆ ತಿರುಗಿ ಮೈಗಿಂತ ಮೊದಲೇ ಅಲ್ಲಿಗೆ ಬರಬೇಕು. ನನ್ನ ಗುರುತು ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್. ಆಗಸ್ಟ್ ಪುಟದ ಕೆಂಪು 15. ಆದರೂ ಪ್ರತಿ ಸಲ ಹಿಂದಕ್ಕೇ ಬೀಳುತ್ತಿದ್ದೆ. ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ಪಕ್ಕದಿಂದ ರೆಕಾರ್ಡ್ ಮಾಡಿದಾಗ ಗೊತ್ತಾಯಿತು: ಕ್ಯಾಲೆಂಡರ್ ಎತ್ತರದಲ್ಲಿತ್ತು, ಗದ್ದ ಮೇಲೇಳುತ್ತಿತ್ತು, ಬೆನ್ನು ಅದರ ಹಿಂದೆಯೇ ಹೋಗುತ್ತಿತ್ತು. ಒಂದು ಗೇಣು ಕೆಳಗೆ ಬೇರೆ ಮೊಳೆ ಹೊಡೆದೆ. ಅವತ್ತೇ ಮುಕ್ಕಾಲು ಸುತ್ತು ಬಂತು.

ಈ ವಾರದ ಲೆಕ್ಕ: ಬಲಗಡೆ 10ಕ್ಕೆ 6 ಸಲ ನೆಟ್ಟಗೆ. ಎಡಗಡೆ 10ಕ್ಕೆ 1. ಇಳಿಯುವಾಗ ಹಿಮ್ಮಡಿ ಇನ್ನೂ ಧಡ್ ಅನ್ನುತ್ತದೆ. ಕೆಳಗಿನ ಮನೆಯ ಕಾಕು ಏನೂ ಅಂದಿಲ್ಲ, ಆದರೂ ಮೆಲ್ಲಗೆ ಇಳಿಯುವುದನ್ನು ಕಲಿಯಬೇಕು.

ನಾಳೆಯಿಂದ ಎಡಗಡೆಗೆ ಮತ್ತೆ ಮೊದಲಿನಿಂದ. ತಿರುಗುವುದಿಲ್ಲ. ಬಲಗಾಲ ಮೇಲೆ ಏಳುವುದು, ನಿಲ್ಲುವುದು. ಇವತ್ತು ಅಳೆದಾಗ 4 ಸೆಕೆಂಡ್ ಇತ್ತು.