ಬಾಬಿ ಗಾಡಿಗೆ ಸ್ಪ್ಲೆಂಡರ್ ಇಂಜಿನ್ ಯಾಕ?

"ಅಲ್ಲೋ ತಮ್ಮಾ, ಇಂಥಾ ಚಲೋ ಬಾಬಿ ಗಾಡೀನ ಯಾಕ ಹಾಳ ಮಾಡಿದಿ?"

ಹುಬ್ಬಳ್ಳಿಯ ಹೊಸೂರ ಸಿಗ್ನಲ್ಲಿನಲ್ಲಿ ಕೇಳಿದ್ದಾರೆ. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಕೇಳಿದ್ದಾರೆ. ತಂಗಿಯ ಕುಬಸದ ಊಟದಲ್ಲಿ, ನಾನು ಹೋಳಿಗೆ ಮುರಿಯುವಾಗ, ಪಂಕ್ತಿಯ ಆಚೆ ಕಡೆಯಿಂದ ಕೂಗಿ ಕೇಳಿದ್ದಾರೆ. ಪೆಟ್ರೋಲ್ ಹಾಕುವ ಹುಡುಗನೂ ಕೇಳುತ್ತಾನೆ. ಈ ಗಾಡಿ ಅವನ ಅಪ್ಪನ ಮದುವೆಗಿಂತ ಹಳೆಯದು. ಇದಾದ ಮೇಲೆ ಎಲ್ಲರದೂ ಎರಡನೇ ಪ್ರಶ್ನೆ ಒಂದೇ, "ಎಷ್ಟ ಕೊಡತೈತಿ?" ಅದನ್ನು ಆಮೇಲೆ ನೋಡೋಣ.

ಯಾಕ ಇಂಜಿನ್ ಬದಲಿ ಮಾಡಿದಿ ಅಂದರೆ ಕೂತು ಹೇಳಬಹುದು. ಯಾಕ ಹಾಳ ಮಾಡಿದಿ ಅಂದರೆ? ಶಿಕ್ಷೆ ಕೊಟ್ಟಾದ ಮೇಲೆ ವಿಚಾರಣೆ ಕರೆದ ಹಾಗಾಯಿತು. ಬಾಯಿಂದ ಹೇಳಿ ಹೇಳಿ ಸಾಕಾಗಿದೆ, ಒಮ್ಮೆ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸುವುದಷ್ಟೇ.

ಗೊತ್ತಿಲ್ಲದವರಿಗೆ: ಇದರ ಖರೇ ಹೆಸರು ರಾಜದೂತ್ ಜಿಟಿಎಸ್ 175, ಎಸ್ಕಾರ್ಟ್ಸ್ ಕಂಪನಿಯದು. 1973ರ 'ಬಾಬಿ' ಸಿನಿಮಾದಲ್ಲಿ ಕಾಣಿಸಿಕೊಂಡ ಮೇಲೆ ಊರೆಲ್ಲ ಬಾಬಿ ಅಂದಿತು. ಸಣ್ಣ ಗಾಲಿ, ಗಿಡ್ಡ ಮೈ, ಇಂಜಿನ್ ಮಾತ್ರ ದೊಡ್ಡ ರಾಜದೂತಿನದೇ: 173 ಸಿಸಿ, ಟೂ ಸ್ಟ್ರೋಕ್, ಅದರ ಮೂಲ ಪೋಲೆಂಡಿನ ಎಸ್‌ಎಚ್‌ಎಲ್ ಬೈಕು. ಕರುವಿನ ಕೊರಳಿಗೆ ಎತ್ತಿನ ನೊಗ.

ನನ್ನದು ಅಣ್ಣಿಗೇರಿ ಕಡೆಯ ಒಂದು ದನದ ಕೊಟ್ಟಿಗೆಯಿಂದ ಬಂದದ್ದು. ಆರ್‌ಸಿಯಲ್ಲಿ 1978. ಸೀಟಿನ ಮೇಲೆ ಶೇಂಗಾ ಹೊಟ್ಟಿನ ಚೀಲ, ಪಿಸ್ಟನ್ ಜಾಮ್, ಕಿಕ್ ಮೇಲೆ ನಿಂತು ಕುಣಿದರೂ ಅಲ್ಲಾಡದು. ಗಾಡಿ ಮನೆಗೆ ತಂದ ಮರುದಿನವೇ ಸ್ಪ್ಲೆಂಡರ್ ಇಂಜಿನ್ ಹುಡುಕಲಿಕ್ಕೆ ಹೋದೆ ಅಂತ ಜನ ತಿಳಿದಿದ್ದಾರೆ. ಇಲ್ಲ. ಹಳೇ ಇಂಜಿನ್ನಿನ ಸಿಲಿಂಡರ್ ಒಳಗಿನಿಂದ ಕೊರೆಸಿ ಬೋರ್ ಹೊಡೆಸಿದೆ. ಪಿಸ್ಟನ್, ರಿಂಗ್, ಬೇರಿಂಗ್, ಪಾಯಿಂಟ್ ಎಲ್ಲ ಹಾಕಿಸಿದೆ. ಎರಡು ವರ್ಷ ಅದೇ ಇಂಜಿನ್ನಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ನೌಕರಿಗೆ ಹೋಗಿ ಬಂದೆ, ಹೋಗುತ್ತ 20 ಕಿಲೋಮೀಟರ್, ಬರುತ್ತ 20. ಡಿಕ್ಕಿಯಲ್ಲಿ ಊಟದ ಡಬ್ಬಿ, ಅದರ ಪಕ್ಕ ಆಯಿಲ್ ಬಾಟಲಿ; ಲೀಟರ್ ಪೆಟ್ರೋಲಿಗೆ 40-50 ಎಂಎಲ್ ಅಳೆದು ಹಾಕಬೇಕು. ಒಂದು ಸಲ ಬುತ್ತಿಯ ಚಟ್ನಿಗೂ ಆ ಆಯಿಲ್ ವಾಸನೆ ಬಂದಿತ್ತು.

ತಕರಾರು ಆಯಿಲ್ ಸೀಲಿನದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು-ಗಾಳಿ ಎರಡೂ ಕ್ರ್ಯಾಂಕ್ ಕೇಸಿನೊಳಗಿಂದಲೇ, ಅಂದರೆ ಇಂಜಿನ್ನಿನ ತಳದ ಪೆಟ್ಟಿಗೆಯಿಂದಲೇ, ಮೇಲೆ ಹೋಗಬೇಕು. ಕ್ರ್ಯಾಂಕಿನ ಸೀಲ್ ಸ್ವಲ್ಪ ಸಡಿಲಾದರೂ ಹೊರಗಿನ ಗಾಳಿ ಎಳೆಯುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ, ಅದರ ಜೊತೆಗಿನ ಆಯಿಲೂ ಕಡಿಮೆ. ಪಿಸ್ಟನ್ ಕಾಯ್ದು ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಹೇಳುವಾಗ ಸರಳ. ನವಲೂರ ಹತ್ತಿರ ಏಪ್ರಿಲ್ ಮಧ್ಯಾಹ್ನ ಅದು ಕಚ್ಚಿಕೊಂಡಾಗ ಹಿಂದಿನ ಗಾಲಿ ಕಿರ್ರಂತ ನಿಂತೇ ಬಿಟ್ಟಿತು. ಬೆರಳು ಕ್ಲಚ್ಚಿನ ಮೇಲಿತ್ತು, ಉಳಿದೆ. ರಸ್ತೆ ಬದಿ ಪೇರಲ ಮಾರುವ ಅವ್ವ ಒಬ್ಬಳು, "ಒಂದ ಹಣ್ಣ ತಿನ್ನಪಾ, ಅಷ್ಟರಾಗ ಅದರ ಸಿಟ್ಟ ಇಳೀತೈತಿ" ಅಂದಳು. ನಾಲ್ಕು ತಿಂದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹನ್ನೊಂದು ದಾಟಿ ಹೋದವು, ಎಣಿಸಿದ್ದೇನೆ. ಸಿಟ್ಟು ಇಳಿಯಲಿಲ್ಲ.

ಅದು ಮೂರನೇ ಸಲ ಜಾಮ್ ಆದದ್ದು. ಮೂರು ಸಲ ತಳ್ಳಿಕೊಂಡು ಹೋದಾಗ 'ಪರಂಪರೆ ಉಳಿಸು' ಅನ್ನುವ ಒಬ್ಬ ಮಹಾನುಭಾವನೂ ಹಿಂದಿನಿಂದ ಕೈ ಹಚ್ಚಲಿಲ್ಲ.

ಸ್ಪ್ಲೆಂಡರ್ ಇಂಜಿನ್ನೇ ಯಾಕೆ? ಹಾನಗಲ್ಲಿನಿಂದ ಹಿಡಿದು ರೋಣದ ತನಕ ಯಾವ ಹಳ್ಳಿಯ ಗಿಡದ ನೆರಳಲ್ಲೂ ಅದನ್ನು ಬಿಚ್ಚಿ ಕೂಡಿಸುವ ಹುಡುಗ ಸಿಗುತ್ತಾನೆ. 97.2 ಸಿಸಿ, ಫೋರ್ ಸ್ಟ್ರೋಕ್, ನಾಲ್ಕು ಗೇರು. ಶಕ್ತಿ ಲೆಕ್ಕ ಹಾಕಿದರೆ ಎರಡೂ ಇಂಜಿನ್ನು ಸುಮಾರು ಏಳೂವರೆ ಅಶ್ವಶಕ್ತಿಯ ಆಸುಪಾಸು. ಅಂದರೆ ನಾನು ಗಾಡಿಯ ಜೋರು ಹೆಚ್ಚು ಮಾಡಲಿಕ್ಕೆ ಹೋಗಿಲ್ಲ, ದಿನಾ ಮನೆ ಮುಟ್ಟಲಿಕ್ಕೆ ಹೋಗಿದ್ದು. ಅಪಘಾತವಾದ ಗಾಡಿಯ ಇಂಜಿನ್ ಬಿಲ್ಲಿನ ಸಮೇತ ಸಿಕ್ಕಿತು.

ಕೂಡಿಸುವ ಕೆಲಸ ಕೇಳಬೇಡಿ. ಇಲ್ಲ, ಕೇಳಿ, ಅದನ್ನು ಯಾರೂ ಕೇಳುವುದೇ ಇಲ್ಲ. ರಾಜದೂತಿನ ಸಿಲಿಂಡರ್ ನೆಟ್ಟಗೆ ನಿಲ್ಲುತ್ತದೆ, ಸ್ಪ್ಲೆಂಡರಿನದು ಮುಂದಕ್ಕೆ ಕಾಲು ಚಾಚಿ ಮಲಗಿರುತ್ತದೆ. ಗಿಡ್ಡ ಗಾಡಿಯಲ್ಲಿ ಆ ಚಾಚಿದ ಕಾಲು ನೇರ ಮುಂದಿನ ಮಡ್‌ಗಾರ್ಡಿಗೆ ಹೋಗುತ್ತದೆ. ನಿಂತಾಗ ನಡುವೆ ಜಾಗ ಕಾಣುತ್ತದೆ, ಗುಂಡಿ ಬಂದು ಫೋರ್ಕ್ ಕುಗ್ಗಿದಾಗ ಎಷ್ಟು ಉಳಿಯುತ್ತದೆ? ಹುಬ್ಬಳ್ಳಿ ರಸ್ತೆಯಲ್ಲಿ ಇದು ದೊಡ್ಡ ವಿಷಯ. ಅಳೆಯಲಿಕ್ಕೆ ಹೆಡ್ಡಿನ, ಅಂದರೆ ಸಿಲಿಂಡರಿನ ತುದಿಯ, ಮುಂದೆ ಏನಾದರೂ ಮೆತ್ತಗಿನದು ಹಚ್ಚಿ ಒತ್ತಿ ನೋಡಬೇಕು. ಅಡಿಗೆ ಮನೆಯಿಂದ ರೊಟ್ಟಿಯ ಹಿಟ್ಟು ತಂದು ಹಚ್ಚಿದೆ. ಜೋಳದ ಹಿಟ್ಟು, ಒಡೆದು ಕೆಳಗೆ ಬಿತ್ತು. ಚಪಾತಿಯ ಕಣಕ ತಂದೆ. ಅವ್ವ ಬಾಗಿಲಲ್ಲಿ ನಿಂತು, "ಗಾಡಿಗೂ ಚಪಾತಿ ಮಾಡಿ ಹಾಕಾಕತ್ತಿ, ಪಲ್ಯ ಬ್ಯಾಡೇನು?" ಅಂದಳು. ಹೆಡ್ಡಿಗೆ ಕಣಕದ ಉಂಡಿ ಅಂಟಿಸಿ, ನಾನೂ ಪಕ್ಕದ ಮನೆಯ ಹುಡುಗನೂ ಹ್ಯಾಂಡಲ್ ಮೇಲೆ ಬಿದ್ದು ಫೋರ್ಕ್ ಪೂರ್ತಿ ಒತ್ತಿದೆವು. ಬಿಟ್ಟು ನೋಡಿದರೆ ಉಂಡಿ ಹಪ್ಪಳವಾಗಿತ್ತು, ಮಡ್‌ಗಾರ್ಡಿನ ಅಂಚಿನ ಗುರುತು ಅದರ ಮೇಲೆ ಮೂಡಿತ್ತು. ಅಳೆದೆ: 4 ಮಿಲಿಮೀಟರ್.

ಇಂಜಿನ್ 12 ಮಿಲಿಮೀಟರ್ ಹಿಂದೆ ಸರಿಸಿದೆ. ಆಮೇಲೆ ನೋಡಿದರೆ ಚೈನ್ ಲೈನೂ ತಪ್ಪಿತ್ತು. ಮುಂದಿನ ಸ್ಪ್ರಾಕೆಟ್ಟಿನಿಂದ ಹಿಂದಿನದಕ್ಕೆ ದಾರ ಹಿಡಿದರೆ ದಾರ ಅಡ್ಡ ಹೋಗುತ್ತಿತ್ತು. ಗೋಕುಲ ರೋಡಿನ ಲೇತಿನಲ್ಲಿ ಸ್ಪೇಸರ್ ತಿರುವಿಸಿ ತಂದೆ, ಮೂರು ಸಲ. ಗಾಲಿ ಸಣ್ಣದು, ಒಂದು ಸುತ್ತಿಗೆ ಹೋಗುವ ದೂರ ಕಡಿಮೆ, ಅದಕ್ಕೆ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲೂ ಕಡಿಮೆ ಮಾಡಿಸಬೇಕಾಯಿತು. ಇಲ್ಲದಿದ್ದರೆ ನಾಲ್ಕನೇ ಗೇರಿನಲ್ಲೂ ಇಂಜಿನ್ ಚೀರುತ್ತಿತ್ತು, ಗಾಡಿ ಮಾತ್ರ ಸಂಜೆ ವಾಕಿಂಗಿಗೆ ಹೊರಟ ಅಜ್ಜನ ಹಾಗೆ.

ಈಗ ಉಣಕಲ್ಲಿನ ಕಾಕಾನ ವಿಷಯ. ಕೆರೆ ಹತ್ತಿರ ಗಾಡಿ ನಿಲ್ಲಿಸಿ ಗಿರ್ಮಿಟ್, ಮಿರ್ಚಿ ಹೇಳಿ ಕೂತಿದ್ದೆ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಬಂದವರೇ ಇಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಣ ನೋಡಲಿಕ್ಕೆ ಬಂದವರ ಹಾಗೆ ತಲೆ ಅಲ್ಲಾಡಿಸಿದರು. ಆಮೇಲೆ ಅದೇ ಪ್ರಶ್ನೆ. ಆಮೇಲೆ ಇಪ್ಪತ್ತು ನಿಮಿಷ ಭಾಷಣ: ಆ ಸೌಂಡ್ ಏನು, ಆ ಹೊಗೆಯ ವಾಸನೆ ಏನು, ನಿಮ್ಮ ಪೀಳಿಗೆಗೆ ಏನು ತಿಳಿಯತೈತಿ.

"ನನ್ನ ಕಡೆನೂ ಒಂದೈತಿ. ಕುಂದಗೋಳದಾಗ. ಒಂದ ನಟ್ ಸುದ್ದಾ ಮುಟ್ಟಿಲ್ಲ, ಪೂರಾ ಒರಿಜಿನಲ್."

"ಚಾಲೂ ಆಗತೈತೇನ್ರಿ ಕಾಕಾ?"

ಮಿರ್ಚಿ ಕಡಿದು, ಜಗಿದು, ನುಂಗಿ, ಕೆರೆ ಕಡೆ ನೋಡಿದರು. "1996ರಾಗ ಆಗಿತ್ತು."

ಏಳುವಾಗ ಧ್ವನಿ ತಗ್ಗಿಸಿ, "ಆ ಹಳೇ ಇಂಜಿನ್ ಏನ್ ಮಾಡಿದಿ? ಇದ್ದರ ನನಗ ಕೊಡತೀಯೇನು?" ಅಂದರು. ಕೊಡಲಿಲ್ಲ. ನನ್ನ ಮಿರ್ಚಿ ತಣ್ಣಗಾಗಿತ್ತು, ಅದರ ಸಿಟ್ಟೂ ಸೇರಿತ್ತು ಅನ್ನಿ.

ಇನ್ನು ಕಾಯ್ದೆ ಪಂಡಿತರು. ಇಂಜಿನ್ ಬದಲಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಓ ಒಪ್ಪಿಗೆ ಬೇಕು. ತೆಗೆದುಕೊಂಡಿದ್ದೇನೆ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಇದೆ. "2028ಕ್ಕ 50 ವರ್ಷ ತುಂಬತಿತ್ತು, ವಿಂಟೇಜ್ ಆಗತಿತ್ತಲ್ಲೋ" ಅನ್ನುವವರೂ ಇದ್ದಾರೆ. ನಿಜ. 2021ರ ನಿಯಮದಂತೆ 50 ವರ್ಷ ದಾಟಿ, ಚಾಸಿ, ಬಾಡಿ, ಇಂಜಿನ್ ಬದಲಾಗದೆ ಉಳಿದ ಗಾಡಿಗೆ ವಿಂಟೇಜ್ ಅಂತ ನೋಂದಣಿ, 'ವಿಎ' ಅಕ್ಷರ ಇರುವ ನಂಬರ್ ಪ್ಲೇಟ್. ನನ್ನದಕ್ಕೆ ಅದು ತಪ್ಪಿತು. ಆದರೆ ಆ ಪ್ಲೇಟ್ ಹಚ್ಚಿಕೊಂಡ ಗಾಡಿ ದಿನಾ ರಸ್ತೆಗೆ ಇಳಿಯುವ ಹಾಗಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ನನ್ನ ನೌಕರಿ ದಿನಾ ಇದೆ.

ಇಷ್ಟೆಲ್ಲ ಜೋರು ಮಾಡುವವನು ಒಂದು ಮಾತು ಮುಚ್ಚಿಟ್ಟಿದ್ದೇನೆ. ಕಾಕಾನಿಗೂ, ಪಂಕ್ತಿಯಲ್ಲಿ ಕೂಗಿದವರಿಗೂ ಒಂದೇ ಸಮಾಧಾನ ಹೇಳುತ್ತ ಬಂದೆ: "ಎಲ್ಲಾ ಪ್ಲೇಟ್ ಹಾಕಿ ಬೋಲ್ಟಿನ ಮ್ಯಾಲೆ ಕೂಡಿಸೇನ್ರಿ, ಮನಸ್ಸ ಬಂದರ ಎರಡ ತಾಸಿನಾಗ ಹಳೇ ಇಂಜಿನ್ ವಾಪಸ್." ಯಾರಾದರೂ "ಹಂಗಾರ ಏನೂ ಕೊಯ್ದಿಲ್ಲೇನು?" ಅಂತ ತಿರುಗಿ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು.

ಕೊಯ್ದಿದ್ದೇನೆ. ಹಳೇ ಇಂಜಿನ್ನಿನ ಮುಂದಿನ ಬೋಲ್ಟ್ ಹಿಡಿಯುವ ಕಿವಿ ಚಾಸಿಗೆ ಬೆಸುಗೆ ಹಾಕಿದ್ದು. ಹೊಸ ಇಂಜಿನ್ನಿನ ಹೆಡ್ ಬರುವ ಜಾಗಕ್ಕೇ ಸರಿಯಾಗಿ ಚಾಚಿಕೊಂಡಿತ್ತು. ಒಂದು ವಾರ ದಾರಿ ಹುಡುಕಿದೆ. ರವಿವಾರ ಸಂಜೆ, ಕರೆಂಟ್ ಹೋಗುವ ಮೊದಲು ಮುಗಿಸಬೇಕು ಅನ್ನುವ ಅವಸರದಲ್ಲಿ ಗ್ರೈಂಡರ್ ಹಚ್ಚಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಕಿಡಿ ಹಾರಿ ಅವ್ವನ ತುಳಸಿ ಕಟ್ಟೆಯ ತನಕ ಹೋದವು. ಕಪ್ಪು ಪೇಂಟಿನ ಕೆಳಗೆ ಬೇರೆ ಯಾವುದೋ ಹಳೇ ಬಣ್ಣದ ಒಂದು ಪದರ ಕಂಡಿತು, ಕೊಯ್ದ ಮೇಲೆ.

ಆ ಕಿವಿ ಈಗ ನಟ್-ಬೋಲ್ಟಿನ ಡಬ್ಬಿಯಲ್ಲಿದೆ, ಗೋಣಿಚೀಲದಲ್ಲಿ ಸುತ್ತಿಟ್ಟ ಹಳೇ ಇಂಜಿನ್ನಿನ ಪಕ್ಕ, ಮಂಚದ ಕೆಳಗೆ. ಬೆಸುಗೆ ಹಾಕಿ ಕೊಡುತ್ತೇನೆ ಅಂತ ಮೇಸ್ತ್ರಿ ಎರಡು ವರ್ಷದಿಂದ ಹೇಳುತ್ತಿದ್ದಾನೆ. ನಾನೂ ತಗೊಂಡು ಹೋಗುತ್ತಿಲ್ಲ.

ಎರಡನೇ ಪ್ರಶ್ನೆಗೆ ಉತ್ತರ: 55 ಕೊಡತೈತಿ.